ಒಮ್ಮೊಮ್ಮೆ ನಿಲ್ಲುವ ಕಾರು

ಕಾವೇರಿ ದಂಡೆಯಲ್ಲಿ ಮೊಹಿದ್ದೀನ್ ಉಸ್ತಾದರ ಗ್ಯಾರೇಜು. ಅಲ್ಲಿಗೆ ಕೆಲಸ ಕಲಿಯಲು ಬಂದ ಮೊದಲ ದಿನ ಅಳಸಿಂಗ ಚಪ್ಪಲಿಯನ್ನು ಹೊರಗೆ ಬಿಟ್ಟು ಒಳಗೆ ಹೋಗಿದ್ದ. ಉಸ್ತಾದರು ಅವನ ಬರಿಗಾಲು ನೋಡಿ, ಇಲ್ಲಿ ಮೊಳೆ ಚುಚ್ಚುತ್ತದೆ, ಹಾಕಿಕೊಂಡು ಬಾ ಎಂದು ವಾಪಸು ಕಳಿಸಿದ್ದರು.

ತಪ್ಪು ಅವನದಲ್ಲ. ಮೇಲುಕೋಟೆಯ ಪಾಠಶಾಲೆಯೊಂದರಲ್ಲಿ ಹನ್ನೆರಡು ವರ್ಷ ತರ್ಕ ಓದಿದವನು. ಅಲ್ಲಿ ಗುರುಗಳ ಬಾಯಿಂದ ಬಂದದ್ದೆಲ್ಲ ಸೂತ್ರ. ಎರಡು ಪದ ಬಿದ್ದರೆ ಅದಕ್ಕೆ ಇಪ್ಪತ್ತು ಪುಟ ವ್ಯಾಖ್ಯಾನ. ಮೂವತ್ತನೇ ವಯಸ್ಸಿಗೆ ಅದನ್ನೆಲ್ಲ ಬಿಟ್ಟು ಸ್ಪ್ಯಾನರ್ ಹಿಡಿದ. ಯಾಕಪ್ಪ ಎಂದು ಕೇಳಿದವರಿಗೆ, ಎಂಜಿನ್ ಸದ್ದು ಕೇಳಿದರೆ ಖುಷಿಯಾಗುತ್ತದೆ ಎನ್ನುತ್ತಿದ್ದ. ಇದಕ್ಕಿಂತ ದೊಡ್ಡ ಕಾರಣ ಯಾಕೆ ಬೇಕು ಹೇಳಿ.

ಬಂದು ಒಂದು ವರ್ಷವಾದರೂ ಹಳೇ ಚಾಳಿ ಹೋಗಿರಲಿಲ್ಲ. ಉಸ್ತಾದರು ಕೆಮ್ಮಿದರೂ ಅದರಲ್ಲೇನೋ ತತ್ವವಿದೆ ಎಂದು ನಿಂತು ಯೋಚಿಸುವವನು.

ಉಸ್ತಾದರು ಮೊದಲ ಸಲ ಪೂರ್ತಿಯಾಗಿ ಅವನ ಕೈಗೆ ಒಪ್ಪಿಸಿದ್ದು ಫಿಲೋಮಿನಾ ಟೀಚರ್ ಅವರ ಕೆಂಪು ಸ್ಪೋರ್ಟ್ಸ್ ಕಾರು. ಎರಡೇ ಸೀಟು, ಹೊಟ್ಟೆ ನೆಲಕ್ಕೆ ತಾಗುವಷ್ಟು ಕುಳ್ಳು, ಮೂವತ್ತೈದು ವರ್ಷ ಹಳೆಯದು. ಶಾಲೆಯಲ್ಲಿ ಆಟ ಕಲಿಸುತ್ತಿದ್ದ ಟೀಚರ್, ನಿವೃತ್ತಿಯಾದ ಮಾರನೇ ದಿನವೇ ಆಸೆಪಟ್ಟು ಅದನ್ನು ಕೊಂಡಿದ್ದರು.

ರೋಗ ಒಂದೇ. ಕೀ ತಿರುಗಿಸಿದರೆ ಒಮ್ಮೊಮ್ಮೆ ಎಂಜಿನ್ ಗುಡುಗುತ್ತಿತ್ತು, ಒಮ್ಮೊಮ್ಮೆ 'ಟಕ್' ಎಂದು ಸುಮ್ಮನಾಗುತ್ತಿತ್ತು.

ಅಳಸಿಂಗ ಬ್ಯಾಟರಿ ಬದಲಾಯಿಸಿದ. ಕೀ ತಿರುಗಿಸಿದ, ಶುರುವಾಯಿತು. ಸರಿಹೋಯಿತು ಎಂದು ಹೇಳಿ ಕಳಿಸಿದ. ಎಂಟು ದಿನಕ್ಕೆ ಕಾರು ಹಗ್ಗ ಕಟ್ಟಿಸಿಕೊಂಡು ಟ್ರ್ಯಾಕ್ಟರ್ ಹಿಂದೆ ಬಂತು. ಗ್ಯಾರೇಜಿನ ಅಂಗಳದಲ್ಲಿ ಕೀ ತಿರುಗಿಸಿದರೆ, ಮೊದಲ ಸಲಕ್ಕೇ ಶುರು.

ಎಂಜಿನ್ನನ್ನು ಶುರು ಮಾಡುವ ಸೆಲ್ಫ್ ಮೋಟರ್ ಬಿಚ್ಚಿ ಹೊಸದು ಹಾಕಿದ. ಮತ್ತೆ ಸರಿಹೋಯಿತು ಎಂದ. ಮತ್ತೆ ಅದೇ ಟ್ರ್ಯಾಕ್ಟರ್, ಅದೇ ಹಗ್ಗ. ಅಂಗಳಕ್ಕೆ ಬಂದದ್ದೇ ತಡ, ಮತ್ತೆ ಶುರು.

ಟೀಚರ್ ಜಗಳವಾಡಲಿಲ್ಲ.

"ನೀವು ಸರಿಹೋಯ್ತು ಅಂದಾಗಲೇ ನಂಗೆ ಭಯ ಆಗೋದು, ಅಳಸಿಂಗ" ಎಂದಷ್ಟೇ ಹೇಳಿ, ಕೀ ಕೊಟ್ಟು, ನಡೆದುಕೊಂಡು ಮನೆಗೆ ಹೋದರು.

ಬೈದಿದ್ದರೆ ಎಷ್ಟೋ ವಾಸಿಯಿತ್ತು. ಆ ಮಾತು ಅವನ ಎದೆಯಲ್ಲಿ ಕೂತುಬಿಟ್ಟಿತು.

ಅದೇ ವಾರ ಪಾಠಶಾಲೆಯಿಂದ ಕಾಗದ ಬಂತು. ಹೊಸ ವಿದ್ಯಾರ್ಥಿಗಳಿಗೆ ತರ್ಕ ಹೇಳಿಕೊಡಲು ಜನ ಬೇಕು, ಬರುತ್ತೀಯೋ ಇಲ್ಲವೋ ಸೋಮವಾರದೊಳಗೆ ತಿಳಿಸು ಎಂದು ಬರೆದಿದ್ದರು. ಅವನ ಮನಸ್ಸು, ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತಾಯಿತು. ಕೊನೆಗೆ ತನಗೆ ತಾನೇ ಒಂದು ಕರಾರು ಹಾಕಿಕೊಂಡ. ಸೋಮವಾರದೊಳಗೆ ಈ ಕಾರಿನ ರೋಗ ಸಿಕ್ಕರೆ ಇಲ್ಲಿ, ಸಿಗದಿದ್ದರೆ ಅಲ್ಲಿ.

ಗುರುವಾರ ಬೆಳಿಗ್ಗೆ ಉಸ್ತಾದರ ಮುಂದೆ ನಿಂತು ಎಲ್ಲವನ್ನೂ ಹೇಳಿದ. ಕಾಗದದ ವಿಷಯವನ್ನೂ ಮುಚ್ಚಿಡಲಿಲ್ಲ. ಉಸ್ತಾದರು ಕಾರ್ಬುರೇಟರ್ ತೊಳೆಯುತ್ತಿದ್ದರು, ತಲೆ ಎತ್ತಲಿಲ್ಲ.

"ಯಾವಾಗ ನಿಲ್ಲುತ್ತೆ?"

"ಒಮ್ಮೊಮ್ಮೆ, ಉಸ್ತಾದ್."

"ಒಮ್ಮೊಮ್ಮೆ ಅನ್ನೋದು ಕಾರಿನ ರೋಗ ಅಲ್ಲ ಕಣಪ್ಪ. ನಾವು ನೋಡಿಲ್ಲ ಅನ್ನೋದಕ್ಕೆ ಇಟ್ಕೊಂಡಿರೋ ಹೆಸರು."

ಅಳಸಿಂಗ ಆ ಮಾತನ್ನು ಸೂತ್ರದಂತೆ ಮನಸ್ಸಿನಲ್ಲೇ ಬರೆದಿಟ್ಟುಕೊಂಡ.

"ಅರ್ಥ ನೋಡಿದ್ಯಾ?" ಎಂದರು ಉಸ್ತಾದರು.

ಅವನ ಮೈ ಜುಮ್ಮೆಂದಿತು. ಬ್ಯಾಟರಿ ನೋಡಿದ್ದ, ಮೋಟರ್ ನೋಡಿದ್ದ. ಅರ್ಥವನ್ನು ನೋಡಿರಲಿಲ್ಲ. ಇಲ್ಲವೆಂದು ತಲೆಯಾಡಿಸಿದ.

"ಅದೊಂದು ಬಿಟ್ಟು ಉಳಿದಿದ್ದೆಲ್ಲ ಬಿಚ್ಚಿದ್ದೀಯ. ಹೋಗು, ಮೊದಲು ಅದನ್ನ ನೋಡು."

"ಸಿಗದೇ ಇದ್ರೆ, ಉಸ್ತಾದ್?"

"ಇದ್ದೇ ಇರುತ್ತೆ. ಅದಿಲ್ಲದ ಗಾಡಿ ಉಂಟಾ?"

ಆ ಮಾತಿಗೆ ಅಳಸಿಂಗ ಕೈ ಮುಗಿದುಬಿಟ್ಟ. ಇವನಿಗೇನಾಯಿತು ಎಂಬಂತೆ ಉಸ್ತಾದರು ಒಂದು ಗಳಿಗೆ ನೋಡಿ, ಮತ್ತೆ ಕಾರ್ಬುರೇಟರ್ ಕಡೆ ತಿರುಗಿದರು.

ಕಾರಿನ ಅರ್ಥ ಹುಡುಕುವುದು ಹೇಗೆ? ಅಳಸಿಂಗನಿಗೆ ಒಂದು ದಾರಿ ಹೊಳೆಯಿತು. ಅರ್ಥ ಬೇಕಾದವನು ಮೊದಲು ಮಾತು ಕೇಳಬೇಕು. ಸ್ಪ್ಯಾನರ್ ಕೆಳಗಿಟ್ಟ. ಒಂದು ನೋಟ್‌ಪುಸ್ತಕ ಹಿಡಿದು ಟೀಚರ್ ಮನೆಗೆ ಹೋಗಿ, ನೀವು ಹೋಗುವಲ್ಲಿಗೆಲ್ಲ ನಾನೂ ಪಕ್ಕದಲ್ಲಿ ಕೂತು ಬರುತ್ತೇನೆ ಎಂದು ಕೇಳಿಕೊಂಡ. ಟೀಚರ್ ಒಪ್ಪಿದರು, ಆದರೆ ಮನೆಯಲ್ಲಿ ನಿಂತು ಮತ್ತೆ ಟ್ರ್ಯಾಕ್ಟರ್ ಕರೆಯುವ ಕಷ್ಟ ಬೇಡ, ದಿನವೂ ಗ್ಯಾರೇಜಿನಿಂದಲೇ ಕಾರು ತೆಗೆದು ಸಂಜೆ ಅಲ್ಲೇ ಬಿಡುವುದು ಎಂದು ಷರತ್ತು ಹಾಕಿದರು.

ಮಾರ್ಕೆಟ್ಟಿಗೆ ಹೋದರು, ಕಾರು ನಿಲ್ಲಲಿಲ್ಲ. ಚರ್ಚಿಗೆ ಹೋದರು, ಪೋಸ್ಟಾಫೀಸಿಗೆ ಹೋದರು. ಕೀ ತಿರುಗಿಸಿದಾಗಲೆಲ್ಲ ಗುಡುಗು. ಇಷ್ಟು ದಿನ ಶುರುವಾಗಲಪ್ಪ ಎಂದು ಬೇಡುತ್ತಿದ್ದವನು ಈಗ ನಿಲ್ಲಲಪ್ಪ ಎಂದು ಬೇಡತೊಡಗಿದ. ಎರಡು ದಿನ ಹಾಗೇ ಕಳೆಯಿತು.

ಶುಕ್ರವಾರ ಸಂಜೆ ಉಸ್ತಾದರು ಏನಾಯಿತೆಂದು ವಿಚಾರಿಸಿದರು. ಹದಿಮೂರು ಸಲ ಶುರುವಾಯಿತು ಎಂದು ಅಳಸಿಂಗ ಹರಳೆಣ್ಣೆ ಕುಡಿದವನ ಮುಖ ಮಾಡಿಕೊಂಡು ಹೇಳಿದ.

"ಊರಿಗೆ ಬಂದವಳು ನೀರಿಗೆ ಬರದೇ ಇರ್ತಾಳಾ? ಕಾದಿರು" ಎಂದರು ಉಸ್ತಾದರು.

ಊರಲ್ಲೆಲ್ಲ ಹೇಳುವ ಗಾದೆ ಅದು. ಇವತ್ತಲ್ಲ ನಾಳೆ ಸಿಕ್ಕೇ ಸಿಗುತ್ತಾಳೆ ಅಂತ. ಆದರೆ ಕೇಳಿದವನು ಅಳಸಿಂಗ. ಅವನಿಗೆ 'ನೀರು' ಎಂಬ ಪದ ಹಿಡಿದುಕೊಂಡಿತು.

ಶನಿವಾರ ಬೆಳಿಗ್ಗೆ ಟೀಚರ್ ಕಾರು ತೆಗೆಯಲು ಗ್ಯಾರೇಜಿಗೆ ಬಂದ ಕೂಡಲೇ, ನೀವು ಹೊಳೆ ಕಡೆಗೆ ಕಾರು ತಗೊಂಡು ಹೋಗುತ್ತೀರಾ ಎಂದು ಕೇಳಿದ. ಹೋಗುತ್ತಿದ್ದೆ, ಸ್ನಾನಘಟ್ಟದ ಹತ್ತಿರ ಹೆಂಗಸರಿಗೆ ಈಜು ಕಲಿಸುತ್ತೇನೆ, ಆದರೆ ಅಲ್ಲಿ ಎರಡು ಸಲ ನಿಂತ ಮೇಲೆ ನಡೆದೇ ಹೋಗುತ್ತಿದ್ದೇನೆ ಎಂದರು ಟೀಚರ್.

ಅಳಸಿಂಗ ಆಗಲೇ ಕಾರಿನಲ್ಲಿ ಕೂತಿದ್ದ.

ಘಟ್ಟದ ದಾರಿ ಕಡಿದಾದ ಇಳಿಜಾರು. ಟೀಚರ್ ಅರ್ಧ ದಾರಿಯಲ್ಲಿ, ತಮ್ಮ ಅಭ್ಯಾಸದಂತೆ, ಹೊರಡಲು ಸುಲಭವಾಗಲೆಂದು ಕಾರನ್ನು ತಿರುಗಿಸಿ ಮೂತಿ ಮೇಲೆ ಮಾಡಿ ನಿಲ್ಲಿಸಿದರು. ಎಂಜಿನ್ ಆರಿಸಿ, ಮತ್ತೆ ಕೀ ತಿರುಗಿಸಿದರು.

ಟಕ್.

"ನಿಂತೇ ಹೋಯ್ತು ಟೀಚರ್" ಎಂದ ಅಳಸಿಂಗ. ಮೊಮ್ಮಗ ಹುಟ್ಟಿದ ಸುದ್ದಿ ಹೇಳುವವರು ಹಾಗೆ ಹೇಳುತ್ತಾರೆ. ಟೀಚರ್ ಅವನ ಮುಖವನ್ನೇ ನೋಡಿದರು.

ಹ್ಯಾಂಡ್‌ಬ್ರೇಕ್ ಸಡಿಲಿಸಿ ಕಾರನ್ನು ಮೆಲ್ಲಗೆ ಹಿಂದಕ್ಕೆ, ಕೆಳಗಿನ ಸಮನೆಲಕ್ಕೆ ಇಳಿಸಿದರು. ಕೀ ತಿರುಗಿಸಿದರೆ ಶುರು. ಮತ್ತೆ ಏರಿಗೆ ತಂದು ನಿಲ್ಲಿಸಿದರು. ಟಕ್. ಮನೆಯ ಶೆಡ್ಡಿನ ನೆಲ ಹೇಗಿದೆ ಎಂದು ಅಳಸಿಂಗ ಕೇಳಿದ. ಗೇಟಿನಿಂದ ಒಳಕ್ಕೆ ಏರು, ಮೂತಿ ಒಳಗೆ ಮಾಡಿ ನಿಲ್ಲಿಸಿದ ದಿನ ತೊಂದರೆ, ರಿವರ್ಸಿನಲ್ಲಿ ಹಾಕಿದ ದಿನ ಇಲ್ಲ ಎಂದರು ಟೀಚರ್, ಹೇಳುತ್ತಾ ಹೇಳುತ್ತಾ ತಾವೇ ಬೆರಗಾಗಿ.

ಹೊಗೆ ಇದ್ದಲ್ಲಿ ಬೆಂಕಿ ಇದೆ ಎಂದು ಹನ್ನೆರಡು ವರ್ಷ ಉರು ಹೊಡೆದಿದ್ದ. ಮೂತಿ ಮೇಲಾದಲ್ಲಿ ಟಕ್ ಇದೆ ಎಂಬುದು ಅವನು ತಾನಾಗಿ ಕಂಡುಕೊಂಡ ಮೊದಲ ವಾಕ್ಯ. ಅವನಿಗಾದ ಸಂತೋಷ ಅಷ್ಟಿಷ್ಟಲ್ಲ.

ಚಕ್ರಕ್ಕೆ ಕಲ್ಲು ಕೊಟ್ಟು ಅಲ್ಲೇ ಕಾರಿನ ಕೆಳಗೆ ಮಲಗಿದ. ಎಂಜಿನ್ನನ್ನು ಹೊತ್ತು ಕೂರಿಸುವ ರಬ್ಬರು ಹರಿದುಹೋಗಿತ್ತು. ಏರಿನಲ್ಲಿ ನಿಂತಾಗ ಎಂಜಿನ್ ಹಿಂದಕ್ಕೆ ವಾಲುತ್ತಿತ್ತು. ವಾಲಿದಾಗ, ಎಂಜಿನ್ನಿನಿಂದ ಕಾರಿನ ಮೈಗೆ ಕಟ್ಟಿದ ಒಂದು ತಾಮ್ರದ ಹೆಣಿಗೆ ತಂತಿ ಬಿಗಿದು, ಅದರಲ್ಲಿ ಕಡಿದಿದ್ದ ಎಳೆಗಳು ಬಿಟ್ಟುಕೊಳ್ಳುತ್ತಿದ್ದವು. ಗ್ಯಾರೇಜಿನ ಅಂಗಳದಂಥ ಸಮನೆಲಕ್ಕೆ ಬಂದರೆ ಮತ್ತೆ ಕೂಡಿಕೊಳ್ಳುತ್ತಿದ್ದವು. ಬ್ಯಾಟರಿಯ ಕರೆಂಟು ಮೋಟರಿಗೆ ಹೋಗಲು ದಪ್ಪ ಕೇಬಲ್ ಇದೆ, ವಾಪಸು ಬರಲು ಇದೊಂದೇ ದಾರಿ.

ಈ ತಂತಿಗೆ ಗ್ಯಾರೇಜಿನಲ್ಲಿ ಏನೆನ್ನುತ್ತಾರೆ? ಅರ್ಥ್.

ಮಲಗಿದ್ದಲ್ಲೇ ಅಳಸಿಂಗನಿಗೆ ಕಿವಿ ಬಿಸಿಯಾಯಿತು.

ಭಾನುವಾರ ಹೊಸ ತಂತಿ ಹಾಕಿದ, ಹೊಸ ರಬ್ಬರು ಕೂರಿಸಿದ. ಕಾರನ್ನು ಮತ್ತೆ ಘಟ್ಟಕ್ಕೆ ಒಯ್ದು ಅದೇ ಏರಿನಲ್ಲಿ ಹತ್ತು ಸಲ ನಿಲ್ಲಿಸಿ ಹತ್ತು ಸಲ ಶುರು ಮಾಡಿದ. ಆಮೇಲೆ ಉಸ್ತಾದರ ಮುಂದೆ ಬಂದು ನಿಂತ.

"ಉಸ್ತಾದ್, ಗುರುವಾರ ನೀವು ನೋಡು ಅಂದಿದ್ದು ಅರ್ಥ್ ತಂತೀನಾ?"

"ಮತ್ತಿನ್ನೇನು?"

"ನಾನು ಅರ್ಥ ಅಂದ್ಕೊಂಡೆ."

ಉಸ್ತಾದರಿಗೆ ಮೊದಲು ತಿಳಿಯಲಿಲ್ಲ. ತಿಳಿದ ಮೇಲೆ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಗಾದೆಯ ನೀರನ್ನು ಹುಡುಕಿಕೊಂಡು ಹೊಳೆಗೆ ಹೋದದ್ದನ್ನೂ ಅವನು ಒಪ್ಪಿಕೊಂಡಾಗ ಕಣ್ಣಲ್ಲಿ ನೀರು ಬಂದು, ಕೈ ಒರೆಸುವ ಬಟ್ಟೆಯಲ್ಲೇ ಒರೆಸಿಕೊಂಡರು. ಕೆನ್ನೆಗೆಲ್ಲ ಗ್ರೀಸಾಯಿತು.

ನಗು ಇಳಿದ ಮೇಲೆ ಕೇಳಿದರು: "ತಂತಿ ಅಂತಾನೇ ಕೇಳಿಸಿದ್ರೆ ಏನು ಮಾಡ್ತಿದ್ದೆ?"

"ಅವತ್ತೇ ಹೊಸದು ಹಾಕಿ, ಸರಿಹೋಯ್ತು ಅಂತ ಕಳಿಸ್ತಿದ್ದೆ."

"ರಬ್ಬರು?"

ರಬ್ಬರು ಹಾಗೇ ಇದ್ದಿದ್ದರೆ ಹೊಸ ತಂತಿಯೂ ಎಳೆದೆಳೆದು ಆರು ತಿಂಗಳಿಗೆ ಕಡಿಯುತ್ತಿತ್ತು. ಅದು ಇಬ್ಬರಿಗೂ ಗೊತ್ತಿತ್ತು.

ಅಷ್ಟರಲ್ಲಿ ಟೀಚರ್ ಬಂದರು. ಸರಿಹೋಯಿತೇ ಎಂದು ಕೇಳಲು ಅವರಿಗೆ ಧೈರ್ಯವಿರಲಿಲ್ಲ, ಸುಮ್ಮನೆ ಕೈ ಚಾಚಿದರು. ಅಳಸಿಂಗ ಕೀ ಕೊಟ್ಟ.

"ಏರಲ್ಲಿ ನಿಲ್ತಿತ್ತು ಟೀಚರ್. ಇವತ್ತು ಹತ್ತು ಸಲ ಏರಲ್ಲೇ ನೋಡಿದ್ದೀನಿ, ನಿಲ್ಲಲಿಲ್ಲ. ಮುಂದೆ ಯಾವತ್ತಾದ್ರೂ ನಿಂತ್ರೆ, ಎಲ್ಲಿ, ಹೇಗೆ ನಿಂತಿತ್ತು ಅಂತ ನೋಡಿಟ್ಕೊಳ್ಳಿ. ನಾನು ಬರ್ತೀನಿ."

ಇವತ್ತು ಭಯವಾಗಲಿಲ್ಲ ಎಂದರು ಟೀಚರ್. ಕೆಂಪು ಕಾರು ಅಂಗಳ ದಾಟಿ, ರಸ್ತೆ ಹತ್ತಿ, ಸದ್ದು ಮಾಡುತ್ತಾ ಹೋಯಿತು. ಆ ಸದ್ದು ಪೂರ್ತಿ ಕರಗುವವರೆಗೂ ಅಳಸಿಂಗ ನಿಂತು ಕೇಳಿದ.

ಕರಾರಿನ ಪ್ರಕಾರ ಅವನು ಇಲ್ಲೇ ಉಳಿಯಬೇಕು. ಆದರೆ ಪಾಠಶಾಲೆಗೆ ಉತ್ತರ ಬರೆಯಲು ಕೂತರೆ ಕೈ ಏಳಲಿಲ್ಲ. ಗೆದ್ದದ್ದು ತಾನೋ ತನ್ನ ಕಿವುಡೋ ಎಂಬ ಅನುಮಾನ. ಎದ್ದು ಮತ್ತೆ ಉಸ್ತಾದರ ಬಳಿ ಹೋದ.

"ಉಸ್ತಾದ್, ಇದು ಸಿಕ್ಕಿದ್ದು ನನ್ನ ಬುದ್ಧಿಯಿಂದಲ್ಲ. ನನ್ನ ತಲೆ ಒಮ್ಮೊಮ್ಮೆ ಓಡುತ್ತೆ, ಒಮ್ಮೊಮ್ಮೆ ನಿಂತೇ ಹೋಗುತ್ತೆ. ಇಂಥವನು ಈ ಕೆಲಸಕ್ಕೆ ಆಗ್ತಾನಾ?"

ಉಸ್ತಾದರು ಗೋಡೆಯ ಮೊಳೆಯಿಂದ ಒಂದು ಕೀ ತೆಗೆದು ಅವನ ಅಂಗೈಯಲ್ಲಿಟ್ಟರು.

"ಅಂಗಳದಲ್ಲಿರೋ ಆ ನೀಲಿ ವ್ಯಾನೂ ಒಮ್ಮೊಮ್ಮೆ ನಿಲ್ಲುತ್ತಂತೆ. ನಾಳೆಯಿಂದ ಅದರ ಜೊತೆ ಕೂತ್ಕೊ. ಇಬ್ಬರಲ್ಲಿ ಯಾರು ಎಲ್ಲಿ ನಿಲ್ತೀರಿ ಅಂತ ನೋಡ್ಕೊಂಡು ಬಂದು ಹೇಳು."