ಅಕ್ಕನ ದನಿಗೊಂದು ಕೀಬೋರ್ಡ್

ಮಲಪ್ರಭೆಯ ದಂಡೆಗೆ ಒಂದು ಸಣ್ಣ ಮಠ. ಅಲ್ಲಿ ಅಡಿವೆಪ್ಪ ಮಾಸ್ತರರು ಇದ್ದರು. ಆಯುಷ್ಯವೆಲ್ಲ ನಾಟಕ ಕಂಪನಿಗಳಲ್ಲಿ ಹಾರ್ಮೋನಿಯಂ ನುಡಿಸಿ ಕೊನೆಗೆ ಇಲ್ಲಿ ಬಂದು ಕೂತವರು. ಆ ಕಡೆಯ ಮಂದಿ ಹಾರ್ಮೋನಿಯಮ್ಮಿಗೆ ಪೇಟಿ ಅನ್ನುತ್ತಾರೆ, ಅವರಿಗೆ ಪೇಟಿ ಮಾಸ್ತರ ಅನ್ನುತ್ತಿದ್ದರು. ಕಲಿಯಲು ಬಂದವರಿಗೆ ಕಲಿಸುತ್ತಿದ್ದರು. ಬರೀ ಮಾತಾಡಲು ಬಂದವರಿಗೆ ಚಹಾ ಕುಡಿಸಿ ಕಳಿಸುತ್ತಿದ್ದರು.

ಒಂದು ಮುಂಜಾನೆ ಅವರ ಶಿಷ್ಯ ಫಕೀರೇಶ ಬಂದ. ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುವ ಹುಡುಗ. ಬಿಡುವಿದ್ದಾಗ ಪೇಟೆಯ ಸ್ಟುಡಿಯೋದಲ್ಲಿ ಭಜನೆಗಳ ರೆಕಾರ್ಡಿಂಗಿಗೂ ಕೂರುತ್ತಿದ್ದ. ಅವನ ಹಳೆಯ ಕೀಬೋರ್ಡ್ ಕೈಕೊಟ್ಟಿತ್ತು. ಒತ್ತಿದ ಕೀ ಮತ್ತೆ ಮೇಲೇಳುತ್ತಿರಲಿಲ್ಲ.

"ಮಾಸ್ತರ, ಹೊಸಾದು ತಗೋಬೇಕ್ರಿ. ಸ್ಟೇಜಿಗೂ ಆಗಬೇಕು, ಸ್ಟುಡಿಯೋಕ್ಕೂ ಆಗಬೇಕು. ಜೇಬಿಗೂ ಭಾರ ಆಗಬಾರದು."

"ತಗೋ," ಎಂದರು ಮಾಸ್ತರರು.

"ಮೂರು ನೋಡೀನ್ರಿ. ಒಂದು ಭಾಳ ಹಗುರ. ಬಸ್ಸಿನಾಗ ತೊಡೀ ಮ್ಯಾಲ ಇಟ್ಕೊಂಡು ಹೋಗಬಹುದು. ಆದ್ರ ಕೀ ಆಟಿಗೀ ಸಾಮಾನಿನಂಗ ಅದಾವ. ಇನ್ನೊಂದರ ಕೀ ಖರೇ ಪಿಯಾನೋದ್ದಂಗ, ಬೆರಳಿಗೆ ಹಿತ. ಆದ್ರ ಹೊರಾಕ ಇಬ್ಬರು ಬೇಕು. ಮೂರನೇದು ವರ್ಕ್‌ಸ್ಟೇಷನ್ ರೀ. ಒಂದರಾಗ ಇಡೀ ಆರ್ಕೆಸ್ಟ್ರಾ. ತಬಲಾ, ಕೊಳಲು, ಪಿಟೀಲು, ಕೋರಸ್ಸು, ಏನು ಬೇಕು ಅದು. ಅದರಾಗ ರೆಕಾರ್ಡೂ ಮಾಡಬಹುದು."

ಕೀಬೋರ್ಡ್ ಕೊಳ್ಳಲು ಹೊರಟವನ ತಲೆ ಹೆಣ್ಣು ನೋಡಲು ಹೊರಟವನ ತಲೆಗಿಂತ ಕೆಟ್ಟದ್ದು. ಫಕೀರೇಶ ಮೊಬೈಲ್ ತೆಗೆದು ವಿಡಿಯೋ ತೋರಿಸಿದ. ಇದರಲ್ಲಿ ಅದು ಇಲ್ಲ, ಅದರಲ್ಲಿ ಇದು ಇಲ್ಲ ಎಂದು ಹಲುಬಿದ. ಮಾಸ್ತರರು ಎಲ್ಲವನ್ನೂ ಕೇಳಿಸಿಕೊಂಡರು. ಅವರಿಗೆ ಅರ್ಧ ತಿಳಿಯಲಿಲ್ಲ, ಆದರೂ ಬೇಸರ ಮಾಡಿಕೊಳ್ಳಲಿಲ್ಲ.

"ನಿನ್ನ ಮನಸ್ಸು ಯಾವುದರ ಮ್ಯಾಲ ಐತಿ?"

"ವರ್ಕ್‌ಸ್ಟೇಷನ್ ಮ್ಯಾಲ್ರಿ."

"ಯಾಕ?"

ಫಕೀರೇಶ ಮೊಬೈಲನ್ನು ಜೇಬಿಗೆ ಇಳಿಸಿದ.

"ಅಕ್ಕಗೋಸ್ಕರ ರೀ."

ಅಕ್ಕನ ವಿಷಯ ಹೇಳಬೇಕು. ಹೇಮಾವತಿ ಅದೇ ಆರ್ಕೆಸ್ಟ್ರಾದ ಗಾಯಕಿ. ತಾಯಿ ಇಲ್ಲದ ತಮ್ಮನನ್ನು ಎತ್ತಿ ಆಡಿಸಿ ಬೆಳೆಸಿದವಳು. ಅವಳಿಗೆ ಗಂಟಲಿನ ಆಪರೇಷನ್ ಆಯಿತು. ಆಮೇಲೆ ದನಿ ಕೆಳಗಿಳಿಯಿತು, ಮೇಲಕ್ಕೆ ಹೋದರೆ ಒಡೆಯತೊಡಗಿತು. ಹಾಡಬಹುದು ಎಂದು ಡಾಕ್ಟರು ಹೇಳಿದ್ದರು. ಅವಳು ಮಾತ್ರ ಹಾಡಲಿಲ್ಲ. ರೊಟ್ಟಿ ಬಡಿಯುವಾಗ ಗುನುಗುತ್ತಿದ್ದವಳು ಅದನ್ನೂ ಬಿಟ್ಟಿದ್ದಳು. ಆರ್ಕೆಸ್ಟ್ರಾದವರು ಪಾಪ, ಇನ್ನೂ ಅವಳ ಜಾಗಕ್ಕೆ ಬೇರೆಯವರನ್ನು ತಂದಿರಲಿಲ್ಲ. ಎಷ್ಟು ದಿನ ಅಂತ ಕಾದಾರು?

"ಆ ವರ್ಕ್‌ಸ್ಟೇಷನ್ನಿನ ಕೋರಸ್ ಭಾಳ ಚಲೋ ಐತ್ರಿ," ಎಂದ ಫಕೀರೇಶ. "ಅಕ್ಕನ ದನಿ ಎಲ್ಲಿ ಒಡೀತೈತೋ ಅಲ್ಲಿ ಕೋರಸ್ ಎತ್ತಿಬಿಟ್ರ ಮುಚ್ಚಿ ಹೋಗತೈತಿ. ಕೇಳೋರಿಗೆ ಗೊತ್ತಾಗಂಗಿಲ್ಲ. ಆಕಿ ಧೈರ್ಯದಿಂದ ಹಾಡಬಹುದು."

"ಆಕಿಗೆ ಇದನ್ನ ಹೇಳೀಯೇನು?"

"ಹೇಳೀನ್ರಿ."

"ಏನಂದ್ಳು?"

"ಎದ್ದು ಭಾಂಡೆ ತಿಕ್ಕಾಕ ಹೋದಳ್ರಿ."

ಮಾಸ್ತರರು ಗೂಟಕ್ಕಿದ್ದ ಟೊಪ್ಪಿಗೆ ತೆಗೆದು ತಲೆಗಿಟ್ಟರು.

"ನಡಿ, ಅಂಗಡಿಗೆ ಹೋಗೂಣು. ಆಕೀನ್ನೂ ಕರಕೊಂಡು ಬಾ."

ಅಂಗಡಿ ಪೇಟೆಯ ನಡುವೆ ಇತ್ತು. ಕಾಸೀಮ್ ಸಾಹೇಬರದು. ಮೂರೂ ಕೀಬೋರ್ಡ್‌ಗಳು ಸಾಲಾಗಿ ನಿಂತಿದ್ದವು. ಫಕೀರೇಶ ನೆಟ್ಟಗೆ ವರ್ಕ್‌ಸ್ಟೇಷನ್ನಿನ ಮುಂದೆ ಕೂತ. ಹೆಡ್‌ಫೋನ್ ಕಿವಿಗೆ ಏರಿಸಿದ. ಅಷ್ಟೇ, ಇನ್ನು ಅವನು ಈ ಲೋಕದಲ್ಲಿ ಇರಲಿಲ್ಲ. ಕಣ್ಣು ಮುಚ್ಚಿ ತಲೆದೂಗುತ್ತಿದ್ದ.

ಹೇಮಾವತಿ ಬಾಗಿಲ ಹತ್ತಿರದ ಸ್ಟೂಲಿನ ಮೇಲೆ ಕೂತಳು. ಮಾಸ್ತರರು ಅವಳ ಪಕ್ಕಕ್ಕೆ ಬಂದರು.

"ಗಂಟಲ ಹೆಂಗೈತಿ, ಹೇಮಾ?"

"ಐತ್ರಿ."

"ನನ್ನ ಬೆರಳೂ ಮೊದಲಿನಂಗ ಓಡಂಗಿಲ್ಲ. ಆದ್ರೂ ದಿನಾ ಮುಂಜಾನೆ ಪೇಟಿ ತಗೀತೀನಿ."

"ಯಾಕ್ರಿ?"

"ಏನ್ಮಾಡೂದವ್ವಾ, ಚಟ."

ಹೇಮಾವತಿಗೆ ನಗು ಬಂತು. ಬಹಳ ದಿನಗಳ ಮೇಲೆ ಬಂದ ನಗು ಅದು.

"ಒಂದು ಸಾಲು ಅನ್ನು ನೋಡೂಣು," ಎಂದರು ಮಾಸ್ತರರು. "ಜೋರು ಬ್ಯಾಡ. ಈ ಮುದುಕನ ಕಿವಿಗೆ ಮುಟ್ಟಿದ್ರ ಸಾಕು."

ಅವಳು ತಮ್ಮನ ಕಡೆ ನೋಡಿದಳು. ಅವನ ಕಿವಿ ಮುಚ್ಚಿದ್ದವು. ಅದನ್ನು ನೋಡಿಯೇ ಅವಳಿಗೆ ಧೈರ್ಯ ಬಂತೆಂದು ಕಾಣುತ್ತದೆ. ಮೆಲ್ಲಗೆ ಒಂದು ಸಾಲು ಎತ್ತಿಕೊಂಡಳು. ಒಂದು ಸಾಲು ಎರಡಾಯಿತು. ಕಾಸೀಮ್ ಸಾಹೇಬರು ಧೂಳು ಒರೆಸುತ್ತಿದ್ದ ಬಟ್ಟೆಯನ್ನು ಕೈಯಲ್ಲೇ ಹಿಡಿದು ನಿಂತರು. ಗಿಟಾರಿನ ತಂತಿ ಕೇಳಲು ಬಂದಿದ್ದವನೊಬ್ಬ ತಂತಿ ಮರೆತ.

ಹಾಡು ಮುಗಿಯಿತು. ಆಗ ಫಕೀರೇಶ ಹೆಡ್‌ಫೋನ್ ತೆಗೆದ. ಮುಖ ಅರಳಿತ್ತು.

"ಮಾಸ್ತರ, ಎಂಥಾ ಕೋರಸ್ ಅಂತೀರಿ. ಗುಡಿಯೊಳಗ ಕುಂತಂಗ ಆಗತೈತ್ರಿ."

ಎಲ್ಲರ ಕಣ್ಣು ಹೇಮಾವತಿಯ ಮೇಲಿತ್ತು. ಅವನು ಎಲ್ಲರ ಮುಖ ನೋಡಿದ.

"ಏನಾತ್ರಿ?"

"ನಿಮ್ಮಕ್ಕ ಹಾಡಿದ್ರಪ್ಪಾ," ಎಂದರು ಸಾಹೇಬರು.

ಫಕೀರೇಶನ ಕೈಯಿಂದ ಹೆಡ್‌ಫೋನ್ ಜಾರಿತು. ಯಾವ ಒಂದು ಹಾಡಿಗಾಗಿ ಅವನು ತಿಂಗಳುಗಟ್ಟಲೆ ಕಾದಿದ್ದನೋ, ಊರಿನ ದೇವರಿಗೆಲ್ಲ ಕಾಯಿ ಒಡೆಸಿದ್ದನೋ, ಅದು ಅವನ ಬೆನ್ನ ಹಿಂದೆಯೇ ಆಗಿಹೋಗಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ಹಾಗಾಯಿತು. ಅವನಿಗೆ ಅಳು ಬಂತು, ಅವನು ಅದನ್ನು ಮುಚ್ಚಿಕೊಳ್ಳಲಿಲ್ಲ.

"ಅಕ್ಕ, ಇನ್ನೊಮ್ಮೆ ಹಾಡಬೇ."

"ಬ್ಯಾಡೋ. ನೀ ಕೇಳಿದ್ರ ನನಗ ಅಂಜಿಕಿ ಬರ್ತೈತಿ."

"ನನಗ ಯಾಕ ಅಂಜ್ತಿ?"

"ನೀ ನನ್ನ ಹಳೇ ದನಿ ಹುಡುಕ್ತೀ," ಎಂದಳು ಹೇಮಾವತಿ. "ಅದು ಇಲ್ಲೋ ತಮ್ಮಾ. ಹೋತು."

ಫಕೀರೇಶ ಗುರುಗಳ ಕಡೆ ತಿರುಗಿದ. ಮಾಸ್ತರರು ಬಗ್ಗಿ ಹೆಡ್‌ಫೋನಿನ ವೈರನ್ನು ಕಿತ್ತು ಸಾಹೇಬರ ಕೈಗೆ ಕೊಟ್ಟರು. ಸಾಹೇಬರು ಅಂಗಡಿಯ ಸ್ಪೀಕರಿನ ವೈರನ್ನು ಆ ಜಾಗಕ್ಕೆ ಚುಚ್ಚಿದರು.

"ಹೂಂ," ಎಂದರು ಮಾಸ್ತರರು. "ಈಗ ಆಕೀ ಜೋಡಿ ನುಡಿಸು."

ಫಕೀರೇಶ ವರ್ಕ್‌ಸ್ಟೇಷನ್ನಿನ ಮೇಲೆ ಕೈಯಿಟ್ಟ. ಅಕ್ಕ ಮೊದಲು ಹಾಡುತ್ತಿದ್ದ ಎತ್ತರದ ಶ್ರುತಿಯನ್ನೇ ಹಿಡಿದ. ತಬಲಾ ಎದ್ದಿತು, ಪಿಟೀಲುಗಳು ಎದ್ದವು, ಹಿಂದಿನಿಂದ ಕೋರಸ್ ತುಂಬಿಕೊಂಡು ಬಂತು. ಅಂಗಡಿ ಗುಂಯ್ ಎಂದಿತು. ಹೇಮಾವತಿ ಬಾಯಿ ತೆರೆದಳು, ಮತ್ತೆ ಮುಚ್ಚಿದಳು.

"ಇಷ್ಟು ಮಂದಿ ಅದಾರಲ್ಲೋ," ಎಂದಳು. "ಇವರ ನಡುವ ನಾ ಎಲ್ಲಿ ನಿಂದರಲಿ?"

ಫಕೀರೇಶ ಪಿಯಾನೋ ಕೀಗಳ ಭಾರದ ಕೀಬೋರ್ಡಿಗೆ ಹೋದ. ಅದರ ಮೇಲೆ ಅವನ ಬೆರಳು ಕುಣಿದವು. ಸುಮ್ಮನೆ ಹೇಳಬಾರದು, ಚೆನ್ನಾಗಿಯೇ ನುಡಿಸಿದ. ಹೇಮಾವತಿ ಕೇಳುತ್ತ ಕೂತಳು.

"ಚಲೋ ನುಡಸ್ತೀಯೋ," ಎಂದಳು. ಹಾಡಲಿಲ್ಲ.

"ಈ ಸ್ಪೀಕರ ಸರಿ ಇಲ್ರಿ ಮಾಸ್ತರ," ಎಂದ ಫಕೀರೇಶ.

"ಹೌದಪ್ಪಾ. ಕುಣಿಯಾಕ ಬರದಾಕಿ ಅಂಗಳ ಡೊಂಕು ಅಂದಿದ್ಳಂತ."

ಉಳಿದದ್ದು ಆ ಹಗುರಾದ, ಆಟಿಗೆಯಂಥ ಕೀಬೋರ್ಡ್. ಫಕೀರೇಶ ಅದರ ಮುಂದೆ ಸೋತವನ ಹಾಗೆ ಕೂತ. ಯಾವ ಬಟನ್ನನ್ನೂ ಒತ್ತಲಿಲ್ಲ. ಕೈ ತೊಡೆಯ ಮೇಲೇ ಇದ್ದವು. ಅಕ್ಕನ ಕಡೆ ತಿರುಗಿ ಕೇಳಿದ.

"ಅಕ್ಕ, ನಿನಗ ಈಗ ಎಲ್ಲಿ ಹಿತ ಆಗತೈತಿ? ಎಲ್ಲಿಂದ ಹಿಡೀಲಿ?"

ಆಪರೇಷನ್ ಆದ ಮೇಲೆ ಈ ಮಾತನ್ನು ಅವಳಿಗೆ ಯಾರೂ ಕೇಳಿರಲಿಲ್ಲ. ಹೇಮಾವತಿ ಗಂಟಲಲ್ಲೇ ಒಂದು ಸ್ವರ ಹಿಡಿದು ತೋರಿಸಿದಳು. ಹಳೆಯದಕ್ಕಿಂತ ಬಹಳ ಕೆಳಗಿತ್ತು. ಫಕೀರೇಶ ಆ ಕೀ ಹುಡುಕಿ ಒಂದೇ ಬೆರಳಲ್ಲಿ ಒತ್ತಿ ಹಿಡಿದ.

ಅವಳು ಹಾಡಿದಳು.

ಮೊದಲ ಸಾಲು ದಾಟಿತು. ಎರಡನೆಯ ಸಾಲು ಮೇಲಕ್ಕೇರಿತು, ಏರಿದಲ್ಲಿ ದನಿ ಒಡೆಯಿತು. ಫಕೀರೇಶನ ಬಲಗೈ ಅದನ್ನು ಮುಚ್ಚಲು ತಾನಾಗಿಯೇ ಮುಂದೆ ಹೋಯಿತು. ಹೋದದ್ದು ಅರ್ಧದಲ್ಲೇ ನಿಂತಿತು. ಅವನು ಎರಡೂ ಕೈಗಳನ್ನು ಹಿಂದಕ್ಕೆ ತೆಗೆದುಕೊಂಡ.

ಹೊರಗೆ ಯಾವುದೋ ಟಂಟಂ ಆಟೋ ಹಾರ್ನ್ ಹೊಡೆದು ಹೋಯಿತು. ಹೇಮಾವತಿ ತಮ್ಮನ ಮುಖ ನೋಡಿದಳು. ಅವನು ಸುಮ್ಮನೆ ಕಾಯುತ್ತಿದ್ದ. ಅವಳು ಕೆಳಗಿನಿಂದ ಅದೇ ಸ್ವರವನ್ನು ಮತ್ತೆ ಎತ್ತಿಕೊಂಡಳು, ನಿಧಾನಕ್ಕೆ ಏರಿದಳು, ಮುಟ್ಟಿದಳು. ಮುಂಚಿನ ನುಣುಪು ಅದರಲ್ಲಿ ಇರಲಿಲ್ಲ. ದಿನಾ ಒಲೆ ಏರಿ ಹದಗೊಂಡ ಗಡಿಗೆಯ ಹಾಗಿತ್ತು ಆ ದನಿ. ಆಗ ಫಕೀರೇಶ ಮತ್ತೆ ಬೆರಳಿಟ್ಟ. ಹಾಡು ಕೊನೆಯವರೆಗೆ ಹೋಯಿತು.

"ಹೆಂಗಾತೋ?" ಎಂದು ಕೇಳಿದಳು ಅಕ್ಕ.

"ನಡುವ ಒಡೀತಬೇ."

"ಗೊತ್ತೈತಿ."

ಇಬ್ಬರೂ ನಕ್ಕರು. ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡಳು. "ಆರ್ಕೆಸ್ಟ್ರಾದವರಿಗೆ ಹೇಳು, ಬರ್ತೀನಂತ," ಎಂದಳು.

ಕಾಸೀಮ್ ಸಾಹೇಬರು ಗಂಟಲು ಸರಿಮಾಡಿಕೊಂಡರು. ಎಷ್ಟಾದರೂ ಅವರು ಅಂಗಡಿ ಇಟ್ಟವರು.

"ಯಾವುದು ಕಟ್ಟೂಣಪ್ಪಾ?"

ಫಕೀರೇಶ ಸಾಲಾಗಿ ನಿಂತ ಮೂರನ್ನೂ ನೋಡಿದ. ಹಳೆಯ ಜಡ್ಡು ಅಷ್ಟು ಬೇಗ ಬಿಡುತ್ತದೆಯೇ?

"ಮಾಸ್ತರ, ಈ ಹಗುರಾದರಾಗ ಕೋರಸ್ ಅಷ್ಟಕ್ಕಷ್ಟ. ಅದರ ಕೀ ನೋಡಿದ್ರ ಹಂಗ. ವರ್ಕ್‌ಸ್ಟೇಷನ್ ಆದ್ರ ಸ್ಟುಡಿಯೋಕ್ಕೂ ಆಗತೈತಿ. ಪಿಯಾನೋದ್ದು ಕೈಗೆ ಹಿತ. ನನಗ ತಿಳೀವಲ್ದು. ನೀವ ಹೇಳ್ರಿ, ಯಾವುದು ತಗೋಬೇಕು?"

ಮಾಸ್ತರರು ಅಷ್ಟರಲ್ಲಿ ಬಾಗಿಲು ದಾಟಿ ಚಪ್ಪಲಿ ಮೆಟ್ಟುತ್ತಿದ್ದರು. ತಲೆ ಎತ್ತಲಿಲ್ಲ.

"ಅಕ್ಕನ ದನಿ ಒಡೆದಾಗ ಕೈ ಹಿಂದ ತಕ್ಕೊಂಡು ಸುಮ್ನ ಕುಂತಿದ್ದಿಯಲ್ಲ, ಯಾವುದರ ಮುಂದ ಕುಂತಿದ್ದಿ? ಅದನ್ನ ಕಟ್ಟಸು."