ಹೊರೆ ಹಂಚಿಕೊಂಡ ಅಧ್ಯಕ್ಷರು

ಬಸ್ ಚಾರ್ಜು ಮತ್ತೆ ಏರಿದ ಮೇಲೆ ಒಣಮೀನು ಮಾರುವ ಸಣ್ಣತಾಯಿ ಬಸ್ಸನ್ನೇ ಬಿಟ್ಟಳು. ತನಗೊಂದು ಟಿಕೀಟು, ಬುಟ್ಟಿಗೊಂದು ಟಿಕೀಟು ಅಂತ ಕೊಟ್ಟರೆ ಸಂಜೆ ಒಲೆ ಮೇಲಿಡಲು ಏನು ಉಳಿದೀತು? ಬುಟ್ಟಿ ಹೊತ್ತು ಸಂತೆಗೆ ನಡೆದೂ ನಡೆದೂ ಅವಳ ಕುತ್ತಿಗೆ ಕುಸಿದುಹೋಯಿತು.

ಅವತ್ತು ಬಸ್ ಸ್ಟ್ಯಾಂಡಿನಲ್ಲಿ ಬಸ್ ಮಂಡಳಿ ಅಧ್ಯಕ್ಷ ಪುಟ್ಟಬಸವಯ್ಯನ ಭಾಷಣ. ಆ ಮಹಾನುಭಾವ ಬಸ್ಸು ಹತ್ತಿದ್ದನ್ನು ಕಂಡವರಿಲ್ಲ. ಮಂಡಳಿ ಕೊಟ್ಟ ಕಾರಿದೆಯಲ್ಲ. ಅದರಲ್ಲಿ ಹೆಂಡತಿಗಿಂತ ನಾದಿನಿ ಕೂತದ್ದೇ ಹೆಚ್ಚು. ಹಿಂದಿನ ಸೀಟಿಗೆ ಸದಾ ಮಲ್ಲಿಗೆ ವಾಸನೆ.

"ಮಂಡಳಿ ನಷ್ಟದಲ್ಲಿದೆ. ಬಸ್ಸು ಓಡಬೇಕಾದರೆ ಹೊರೆಯನ್ನು ಎಲ್ಲರೂ ಹಂಚಿಕೊಳ್ಳಬೇಕು," ಅಂತ ಮೈಕಿನಲ್ಲಿ ಗುಡುಗಿ ಇಳಿದು ಬಂದರೆ, ಕಾರಿನ ಹಿಂದಿನ ಸೀಟಿನಲ್ಲಿ ಸಣ್ಣತಾಯಿಯ ಬುಟ್ಟಿ ಕೂತಿದೆ, ಬಾಗಿಲ ಬಳಿ ಅವಳು ನಿಂತಿದ್ದಾಳೆ.

"ಏನೇ ಇದು?"

"ಹೊರೆ ಬುದ್ಧಿ. ಎಲ್ಲಾರೂ ಹಂಚ್ಕೋಬೇಕು ಅಂದ್ರಲ್ಲ. ಇಷ್ಟು ದಿನ ಬಸ್ಸಿನೋರೇ ಹೊತ್ರು. ಇವತ್ತು ಕಾರಿನೋರು ಒಂಚೂರು ಹೊತ್ಕೊಳ್ಳಿ."

"ತೆಗಿ ಅದನ್ನ, ನಾತ."

"ಇನ್ನೊಬ್ರ ಹೊರೆ ನಾರದೆ ಇರ್ತದಾ ಬುದ್ಧಿ?"

ಜನ ಕಿಸಕ್ಕೆಂದರು. ಆಡಿದ ಮಾತಿನ ಕಾವೇ ಆರಿಲ್ಲ, ನುಂಗುವುದು ಹೇಗೆ? ಪುಟ್ಟಬಸವಯ್ಯ ಮೂಗಿಗೆ ಶಲ್ಯ ಒತ್ತಿಕೊಂಡು, ಬುಟ್ಟಿಯ ಪಕ್ಕದಲ್ಲೇ ಕೂತು ಸಂತೆಗೆ ಹೋದ. ಸಣ್ಣತಾಯಿ ಕೈಬೀಸಿಕೊಂಡು ಹಿಂದೆ ನಡೆದಳು.

ನಾದಿನಿ ಮತ್ತೆ ಆ ಕಾರು ಹತ್ತಲಿಲ್ಲ. ಊರೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಎಷ್ಟು ತೊಳೆದರೂ ನಾತ ಹೋಗದೆ, ಮಂಡಳಿ ಖರ್ಚಿನಲ್ಲಿ ಇನ್ನೊಂದು ಕಾರು ಬಂತು. ಆ ಖರ್ಚಿಗೆ ಚಾರ್ಜು ಇನ್ನೊಂದು ಸಲ ಏರಿತು. ನಕ್ಕವರೆಲ್ಲ ತೆಪ್ಪಗೆ ಟಿಕೀಟು ತಗೊಂಡರು. ಸಣ್ಣತಾಯಿ ಸಿಂಬಿ ಸುತ್ತಿ, ಬುಟ್ಟಿ ತಲೆಗೇರಿಸಿ ನಡೆದಳು.