ತಟ್ಟೆಯ ಅಂಚಿನ ಕರಿಬೇವು

ನಡುರಾತ್ರಿ ಥಾಯ್ ಊಟದ ಗಾಡಿಯ ಮುಂದೆ ಆಟೋ ಓಡಿಸುವ ಬೋರಲಿಂಗಣ್ಣ ಬಿಸಿಬಿಸಿ ಸೂಪು ಕುಡಿಯುತ್ತಿದ್ದ. ಹೊಸ ರುಚಿ ಒಗ್ಗದಿದ್ದರೆ ಇರಲಿ ಎಂದು ಪಕ್ಕದ ಗಾಡಿಯಿಂದ ಚಿತ್ರಾನ್ನವನ್ನೂ ತಂದಿಟ್ಟುಕೊಂಡಿದ್ದ. ಚಿತ್ರಾನ್ನದೊಳಗಿನ ಕರಿಬೇವನ್ನು ಆಯ್ದು ತಟ್ಟೆಯ ಅಂಚಿಗಿಟ್ಟ. ಸೂಪಿನೊಳಗಿನ, ನಿಂಬೆಯಂತೆ ಘಮಘಮಿಸುವ ಮಜ್ಜಿಗೆ ಹುಲ್ಲಿನ ತುಂಡನ್ನೂ ಎತ್ತಿ ಅದರ ಪಕ್ಕಕ್ಕೇ ಇಟ್ಟ.

ಹುಲ್ಲು ಬಿಕ್ಕಿತು. "ಮಾವ, ನನ್ನನ್ನು ತಿನ್ನಲೇ ಇಲ್ಲ."

"ಅಳಬೇಡ ಮಗಳೇ," ಎಂದಿತು ಕರಿಬೇವು. "ಅಂಚೆಂದರೆ ಮರ್ಯಾದೆಯ ಜಾಗ. ಅರಮನೆಯ ಊಟದಲ್ಲೂ ನಮ್ಮ ವಂಶದವರು ಅಲ್ಲೇ ಕೂತವರು. ಒಂದು ಮದುವೆಯಲ್ಲಿ ಹತ್ತು ಸಾವಿರ ಜನವೂ ನಮ್ಮನ್ನು ಕೈಯಾರೆ ಎತ್ತಿ ಪಕ್ಕಕ್ಕೆ ಕೂರಿಸಿದರು. ಮದುಮಗನಿಗೂ ಅಷ್ಟು ಉಪಚಾರ ನಡೆಯಲಿಲ್ಲ."

"ಯಾರಾದರೂ ತಿಂದರೇ ಮಾವ?"

"ನಮ್ಮನ್ನು ತಿನ್ನಲು ಧೈರ್ಯ ಬೇಡವೇ?"

ಅಷ್ಟರಲ್ಲಿ ಬೋರಲಿಂಗಣ್ಣ ಬಟ್ಟಲು ಬರಿದು ಮಾಡಿ ಬೆರಳು ಮೂಸಿಕೊಂಡ. ಮತ್ತೆ ಮೂಸಿದ. ಹುಲ್ಲಿನ ತುಂಡನ್ನು ಎತ್ತಿ ಗಾಡಿಯಾಕೆಗೆ ತೋರಿಸಿದ. "ಅಕ್ಕಾ, ಇದರ ಹೆಸರೇನು? ಇದು ಹಾಕಿದ್ದೇ ಇನ್ನೊಂದು ಬಟ್ಟಲು ಕೊಡಿ."

ಹೆಸರು ಕೇಳಿಕೊಂಡು, ಮನೆಯವಳಿಗೆ ತೋರಿಸಲೆಂದು ತುಂಡನ್ನು ಅಂಗಿಯ ಜೇಬಿಗಿಟ್ಟ.

ಹುಲ್ಲು ಜೇಬಿನಿಂದ ಇಣುಕಿ ಕೇಳಿತು, "ಮಾವ, ನಿಮ್ಮ ಹೆಸರನ್ನೂ ಹೀಗೆಯೇ ಕೇಳಿರಬೇಕಲ್ಲವೇ?"

"ನನ್ನ ಹೆಸರು ಗೊತ್ತಿಲ್ಲದವರು ಇದ್ದರೆ ತಾನೇ ಕೇಳುವುದು," ಎಂದಿತು ಕರಿಬೇವು.

ತಟ್ಟೆ ಎತ್ತುವವರೆಗೂ ಅದು ಆ ಜೇಬನ್ನೇ ನೋಡುತ್ತಿತ್ತು.